ಏಳನೇ ಸ್ಟಾಪಿನ ಗೀರು

ಅವಳು ಹಲ್ಲಿಗೆ ಹೊಳಪು ಕೊಡುವವಳು. ಬಾಯಲ್ಲಿರುವ ಹಲ್ಲಿಗಲ್ಲ, ಬಾಯಿಗೆ ಹೋಗಬೇಕಾದ ಹಲ್ಲಿಗೆ. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಗೆ ರೈಲುಡಬ್ಬಿಯಂಥ ಉದ್ದನೆಯ ಒಂದು ಕೋಣೆ. ಅದರ ಕೊನೆಯ ಕಿಟಕಿಯ ಕೆಳಗೆ ಅವಳ ಸ್ಟೂಲು, ಸ್ಟೂಲಿನ ಎದುರು ಪಾಲಿಶ್ ಮೆಷಿನ್ನು. ಮೋಟಾರಿನ ಎಡತುದಿಗೆ ಒರಟು ಬಟ್ಟೆಯ ಚಕ್ರ, ಬಲತುದಿಗೆ ಮೆತ್ತನೆ ಹತ್ತಿಯ ಚಕ್ರ. ಎಡಗಡೆಯ ತಟ್ಟೆಯಲ್ಲಿ ನೀರು ಹಾಕಿ ಕಲಸಿದ ಬೂದುಬಣ್ಣದ ಉಜ್ಜುಪುಡಿ, ಬಲಗಡೆ ಸಾಬೂನಿನ ತುಂಡಿನಂತೆ ಕಾಣುವ ಬಿಳಿ ಪಾಲಿಶಿನ ಗಟ್ಟಿ. ಹದಿನೇಳು ವರ್ಷಗಳಿಂದ ಊರಿನ ಅರ್ಧದಷ್ಟು ಹಿರಿಯರ ನಗು ಈ ಎರಡು ಚಕ್ರಗಳಿಗೆ ಮೈಯೊಡ್ಡಿಯೇ ಹೊರಗೆ ಹೋಗಿತ್ತು. ಡಾಕ್ಟರು ಒಮ್ಮೆ ತಮಾಷೆಗೆ 'ಪಾಲಿಶಮ್ಮ' ಎಂದು ಕರೆದದ್ದು ಹಾಗೇ ಅಂಟಿಕೊಂಡು, ಈಗ ಗಂಡನ ಫೋನಿನಲ್ಲೂ ಅವಳ ಹೆಸರು ಅದೇ ಆಗಿತ್ತು.

ಹೊಳಪಿನ ವಿಷಯದಲ್ಲಿ ಅವಳದು ಸ್ವಲ್ಪ ಅತಿಯೇ. ವಯಸ್ಸಾದವರು ಯಾರಾದರೂ ಎದುರಿಗೆ ನಕ್ಕರೆ, ಯಾಕೆ ನಕ್ಕರು ಎಂದು ಯೋಚಿಸುವ ಮೊದಲು ಮೇಲ್ಸಾಲಿನ ಅಂಚು ನೋಡುತ್ತಿದ್ದಳು. ಒಮ್ಮೆ ಬ್ಯಾಂಕಿನ ಬೆಂಚಿನಲ್ಲಿ ಕೂತಿದ್ದಾಗ ಪಕ್ಕದ ಮುದುಕರೊಬ್ಬರು ಸೀನಿದ ರಭಸಕ್ಕೆ ಅವರ ಕೆಳಗಿನ ಹಲ್ಲುಸೆಟ್ಟು ಹಾರಿ ಇವಳ ಮಡಿಲಿಗೆ ಬಿತ್ತು. ಬೇರೆಯವರಾಗಿದ್ದರೆ ಕಿರುಚಿಕೊಂಡು ಎದ್ದುಬಿಡುತ್ತಿದ್ದರು. ಪಾಲಿಶಮ್ಮ ಅದನ್ನು ಕರವಸ್ತ್ರದಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಹಿಂದೆ ಮುಂದೆ ನೋಡಿ, "ಇದು ನಮ್ಮಲ್ಲಿ ಮಾಡಿದ್ದಲ್ಲ. ಒಳಗಡೆ ಉಜ್ಜದೆ ಹಾಗೇ ಬಿಟ್ಟಿದಾರೆ. ನಾಲಿಗೆಗೆ ಒತ್ತಲ್ವಾ?" ಎಂದು ಕೇಳಿ ವಾಪಸ್ ಕೊಟ್ಟಳು. ಕೆಳಹಲ್ಲಿಲ್ಲದ ಬಾಯಲ್ಲಿ ಅವರು ಕೊಟ್ಟ ಉತ್ತರ ಅವಳಿಗೆ ಅರ್ಥವಾಗಲಿಲ್ಲ. ಮುಂದಿನ ವಾರ ಮಾತ್ರ ಅವರು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದರು.

ಮನೆ ಎರಡನೇ ಮಹಡಿಯಲ್ಲಿ, ಮೂರು ಕೋಣೆಯದು. ಗಂಡ ಬೀದಿಬೀದಿ ಸುತ್ತಿ ನೀರಿನ ಮೀಟರ್ ಓದುವವನು. ಅತ್ತೆಗೆ ಧೂಳು ಕಂಡರಾಗದು. ಮಾವ ಮೂವತ್ತನಾಲ್ಕು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತಿಯಾದ ಮೊದಲ ವರ್ಷ ಅವರು ಮನೆಯಲ್ಲಿ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಬಾಲ್ಕನಿಯಲ್ಲಿ ನಿಂತು ಕೆಳಗೆ ಹೋಗುವ ಬಸ್ಸುಗಳ ಗೇರಿನ ಸದ್ದು ಕೇಳಿ, "ಎರಡನೇ ಗೇರಲ್ಲಿ ಎಳೀತಿದಾನೆ, ಕೈಗೆ ಏನಾಗಿದೆ ಇವನಿಗೆ" ಎಂದು ಗೊಣಗುತ್ತಿದ್ದರು.

ಹೀಗಿರುವಾಗ ಗಂಡ ತನ್ನ ಆಫೀಸಿನವನೊಬ್ಬನಿಂದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದ. ಜೊತೆಗೆ ಬಂದದ್ದು ಒಂದೇ ಡಿಸ್ಕು, ಬಸ್ಸು ಓಡಿಸುವ ಆಟದ್ದು. ಎರಡು ದಿನ ಆಡಿ, "ನಲವತ್ತರ ಮೇಲೆ ಹೋದ್ರೆ ಗೇಮೇ ಬೈಯುತ್ತೆ, ಥೂ" ಎಂದು ಬೇಸತ್ತ. ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡುತ್ತಿದ್ದ ಮಾವನಿಗೆ ಮೂರನೆಯ ದಿನ ತಡೆದುಕೊಳ್ಳಲಾಗಲಿಲ್ಲ.

"ಇಂಡಿಕೇಟರ್ ಹಾಕದೆ ತಿರುಗಿಸ್ತಿದೀಯಲ್ಲೋ, ನಾಚಿಕೆ ಆಗಲ್ವಾ? ನನ್ನ ಮಗ ಅಂತ ಎಲ್ಲೂ ಹೇಳ್ಕೋಬೇಡ. ಕೊಡು ಇಲ್ಲಿ."

ಕಂಟ್ರೋಲರ್ ಮತ್ತೆ ಮಗನ ಕೈಗೆ ಬರಲೇ ಇಲ್ಲ.

ಮಾವನ ಡ್ಯೂಟಿ ಮಧ್ಯಾಹ್ನ ಎರಡಕ್ಕೆ ಶುರುವಾಗುತ್ತಿತ್ತು. ಇಸ್ತ್ರಿ ಮಾಡಿದ ಯೂನಿಫಾರಂ ಅಂಗಿ ತೊಟ್ಟು, ಒದ್ದೆ ಬಟ್ಟೆಯಿಂದ ಟಿವಿಯ ಗಾಜನ್ನು ಮೂಲೆಮೂಲೆ ಒರೆಸಿ, ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದು ಕೂರುತ್ತಿದ್ದರು. ಎರಡೂವರೆಗೆ ಅವರ ಹಳೆಯ ಕಂಡಕ್ಟರು ಬರುತ್ತಿದ್ದರು. ಒಂದೇ ಬಸ್ಸಿನಲ್ಲಿ ಇಪ್ಪತ್ತು ವರ್ಷ "ಹೋಲ್ಡಾನ್!" ಎಂದು ಕೂಗಿ ಕೂಗಿ ಅವರಿಗೆ ಅದೇ ಹೆಸರಾಗಿತ್ತು. ಅವರು ಸೋಫಾದ ಹಿಂದೆ ನಿಂತೇ ಇರುತ್ತಿದ್ದರು, ಕೂತರೆ ಟಿಕೆಟ್ ಕೊಟ್ಟಹಾಗೆ ಆಗುವುದಿಲ್ಲವಂತೆ. ಪರದೆಯ ಮೇಲೆ ಜನ ಹತ್ತಿ ಮುಗಿಯುತ್ತಿದ್ದಂತೆ "ರೈಟ್" ಎನ್ನುತ್ತಿದ್ದರು. ಆಮೇಲಷ್ಟೇ ಮಾವ ಗುಂಡಿ ಒತ್ತುತ್ತಿದ್ದರು. ಈ ಹೊತ್ತಿನಲ್ಲಿ ಅತ್ತೆ ಟಿವಿಯ ಮುಂದೆ ಹಾದುಹೋದರೆ, "ಬಸ್ಸಿನ ಮುಂದೆ ರಸ್ತೆ ದಾಟ್ತೀಯಲ್ಲೇ, ಕಣ್ಣು ಕಾಣಲ್ವಾ?" ಎಂದು ಗದರುತ್ತಿದ್ದರು. ಅತ್ತೆ ಮೊದಮೊದಲು ಜಗಳವಾಡಿದರು. ಆಮೇಲೆ ಅವರಿಗೇ ಗೊತ್ತಿಲ್ಲದಂತೆ, ಹಾಲಿನಿಂದ ಅಡುಗೆಮನೆಗೆ ಹೋಗುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುವ ಅಭ್ಯಾಸವಾಯಿತು.

ಆ ಶನಿವಾರ ಪಾಲಿಶಮ್ಮ ಸಂಜೆ ಆರಕ್ಕೆ ಮನೆಗೆ ಬಂದಾಗ ಹಾಲಿನಲ್ಲಿ ಮೂವರು ಟಿವಿಯ ಮುಂದಿದ್ದರು. ಮಾವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹೋಲ್ಡಾನ್ ಸೋಫಾದ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ಅತ್ತೆ ಧೂಳಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಬಾಗಿಲಿಗೆ ಒರಗಿದ್ದರು. ಟಿವಿಯಲ್ಲಿ ಒಂದು ಗ್ರಂಥಾಲಯದ ಮುಂದಿನ ಬಸ್ ಸ್ಟಾಪು. ಬಸ್ಸಿನ ಬಾಗಿಲು ತೆರೆದಿತ್ತು. ನೀಲಿ ಕೋಟಿನ ಮುದುಕಿಯೊಬ್ಬಳು ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಕಾಲು ಫುಟ್‌ಪಾತಿನ ಮೇಲೆ ಇಟ್ಟು ನಿಂತಿದ್ದಳು. ಅಲುಗಾಡುತ್ತಿರಲಿಲ್ಲ.

"ಏನಾಯ್ತು ಮಾವ?"

"ಮೂರೂಕಾಲಿನಿಂದ ಹೀಗೇ ನಿಂತಿದಾಳಮ್ಮ," ಎಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ.

ನಡೆದದ್ದಿಷ್ಟು. ಮಾವ ಅಂದು ಹೊಸ ರೂಟಿಗೆ ಮೊದಲ ಸಲ ಇಳಿದಿದ್ದರು. ಹನ್ನೊಂದು ಸ್ಟಾಪಿನ ರೂಟು. ಏಳನೇ ಸ್ಟಾಪಿನಲ್ಲಿ ಜನ ಹತ್ತುತ್ತಿದ್ದಾಗ ಅತ್ತೆಗೆ ಗೇಮ್ ಪೆಟ್ಟಿಗೆಯ ಅಡಿ ಧೂಳು ಕಂಡಿತು. ಒಂದು ತುದಿ ಹಿಡಿದು ಎತ್ತಿ ಒರೆಸಿದರು. ಒಳಗೆ ತಿರುಗುತ್ತಿದ್ದ ಡಿಸ್ಕು 'ಕರ್ರ್' ಎಂದಿತು. ಮುದುಕಿ ನಿಂತಳು.

"ಧೂಳು ಒರೆಸಿದ್ದೇ ತಪ್ಪಾ?" ಎಂದರು ಅತ್ತೆ.

"ಓಡ್ತಿರೋ ಬಸ್ಸನ್ನ ಎತ್ತಿದೀಯ ನೀನು!" ಎಂದರು ಮಾವ. "ಮೂವತ್ತನಾಲ್ಕು ವರ್ಷದಲ್ಲಿ ಯಾವ ಪ್ಯಾಸೆಂಜರೂ ನನ್ನ ಬಸ್ಸನ್ನ ಎತ್ತಿರಲಿಲ್ಲ."

ಗಂಡ ಮೀಟರಿನ ಪುಸ್ತಕ ಬಗಲಲ್ಲಿಟ್ಟುಕೊಂಡು ಒಳಗೆ ಬಂದವನು ಒಂದೇ ನೋಟಕ್ಕೆ ತೀರ್ಪು ಕೊಟ್ಟ. "ಹ್ಯಾಂಗ್ ಆಗಿದೆ. ಆಫ್ ಮಾಡಿ ಆನ್ ಮಾಡಿದ್ರಾಯ್ತು."

"ಮುಟ್ಟಿದ್ರೆ ನೋಡು! ಮುದುಕಿಯ ಕಾಲು ಬಾಗಿಲಲ್ಲಿದೆ."

"ಅಪ್ಪಾ, ಅದು ಚಿತ್ರ."

"ನೀನು ಮೀಟರ್ ಓದೋನು, ನಿಂಗೆ ಮುಳ್ಳು ಮಾತ್ರ ಗೊತ್ತು. ಬಸ್ಸಲ್ಲಿ ಜನ ಇರುವಾಗ ಡ್ರೈವರ್ ಸೀಟ್ ಬಿಡೋ ಹಾಗಿಲ್ಲ."

ಮಾವ ಸೀಟು ಬಿಡಲಿಲ್ಲ. ಊಟ ಅಲ್ಲೇ ಆಯಿತು. ಸ್ನಾನದ ಮನೆಗೆ ಹೋಗುವಾಗ ಮಾತ್ರ ಹೋಲ್ಡಾನರನ್ನು ಕುರ್ಚಿಯಲ್ಲಿ ಕೂರಿಸಿ, "ಬ್ರೇಕ್ ಮೇಲೆ ಕಾಲಿರಲಿ" ಎಂದು ಹೇಳಿ ಹೋಗುತ್ತಿದ್ದರು. ಅಲ್ಲಿ ಬ್ರೇಕೂ ಇರಲಿಲ್ಲ, ಏನೂ ಇರಲಿಲ್ಲ. ಹೋಲ್ಡಾನ್ ನೆಲವನ್ನು ಗಟ್ಟಿಯಾಗಿ ಒತ್ತಿಕೊಂಡು ಕೂರುತ್ತಿದ್ದರು. ಭಾನುವಾರ ಬೆಳಗಾದರೂ ಮಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ಮುದುಕಿ ಮೆಟ್ಟಿಲ ಮೇಲೇ ಇದ್ದಳು, ಟಿವಿಯ ಹಿಂಬದಿ ಬಿಸಿಯಾಗಿತ್ತು.

ಪಾಲಿಶಮ್ಮನಿಗೆ ಡಿಸ್ಕು 'ಕರ್ರ್' ಎಂದಿತೆಂಬ ಮಾತು ಕಿವಿಗೆ ಬಿದ್ದಾಗಿನಿಂದ ಬೆರಳ ತುದಿ ತುರಿಸುತ್ತಿತ್ತು. "ಮಾವ, ಡಿಸ್ಕು ಒಂದ್ಸಲ ತೆಗೆದು ನೋಡ್ತೀನಿ. ಗೀರು ಬಿದ್ದಿದ್ರೆ ಒರೆಸಿ ಕೊಡ್ತೀನಿ."

"ತೆಗೆದ್ರೆ ಒಳಗಿರೋರ ಗತಿ?"

ಅವಳ ಕಸುಬಿನಲ್ಲಿ ಈ ಪ್ರಶ್ನೆ ಎಂದೂ ಬಂದದ್ದಿಲ್ಲ. ಹಲ್ಲಿನ ಸೆಟ್ಟಿನೊಳಗೆ ಯಾರೂ ಇರುವುದಿಲ್ಲ. ಉತ್ತರ ಬಂದದ್ದು ಹೋಲ್ಡಾನರಿಂದ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಡ್ರೈವರಣ್ಣ, ಗಾಡಿ ಕೆಟ್ಟು ನಿಂತಾಗ ಏನ್ ಮಾಡ್ತಿದ್ವಿ? ಜನರನ್ನ ಇಳಿಸಿ ಬೇರೆ ಬಸ್ಸಿಗೆ ಹತ್ತಿಸ್ತಿದ್ವಿ. ಈಗ್ಲೂ ಅದೇ ಮಾಡೋಣ" ಎಂದರು.

"ನಿಯಮದ ಪ್ರಕಾರ ಸರಿ ಇದೆ," ಎಂದರು ಮಾವ.

ಹೋಲ್ಡಾನ್ ಪರದೆಯ ಹತ್ತಿರ ಬಗ್ಗಿ, ಬಸ್ಸಿನ ಕಿಟಕಿಗಳಲ್ಲಿ ಕಾಣುವ ತಲೆಗಳನ್ನು ಬೆರಳಿಟ್ಟು ಎಣಿಸಿದರು. ಹತ್ತು, ಬಾಗಿಲಲ್ಲಿರುವ ಮುದುಕಿ ಸೇರಿ ಹನ್ನೊಂದು. ಆಮೇಲೆ ಮನೆಯ ಮುಂಬಾಗಿಲನ್ನು ಪೂರ್ತಿ ತೆರೆದು, ಅದಕ್ಕೆ ಚಪ್ಪಲಿ ಅಡ್ಡವಿಟ್ಟು, ಹಾಲಿನ ನಡುವೆ ನಿಂತು ಕೂಗಿದರು. "ಗಾಡಿ ಕೆಟ್ಟಿದೆ, ಎಲ್ಲರೂ ಇಳೀರಿ! ಹಿಂದೆ ಇನ್ನೊಂದು ಬಸ್ ಬರ್ತಿದೆ, ಅದೇ ಟಿಕೆಟ್ ನಡೆಯುತ್ತೆ. ನಿಧಾನ, ನಿಧಾನ. ಮೆಟ್ಟಿಲು ನೋಡ್ಕೊಂಡು. ಸಾಮಾನು ಮರೀಬೇಡಿ."

ಅವರು ಒಬ್ಬೊಬ್ಬರನ್ನೇ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಪ್ರತಿ ಸಲವೂ ಗಾಳಿಯಲ್ಲಿ ಒಂದು ಕೈ ಆಸರೆ ಕೊಟ್ಟು, "ಬನ್ನಿ" ಎನ್ನುತ್ತ. ಎದುರುಮನೆಯ ಟೀಚರಮ್ಮ ಕಸದ ಬುಟ್ಟಿ ಹಿಡಿದು ಹೊರಗೆ ಬಂದವರು, ಬಾಗಿಲಿನಿಂದ ಯಾರೂ ಇಲ್ಲದ ಮೆರವಣಿಗೆ ಹೊರಡುವುದನ್ನು ಕಂಡು, ಏನು ತೋಚಿತೋ ಏನೋ, ಗೋಡೆಗೆ ಸರಿದು ದಾರಿ ಬಿಟ್ಟರು. ಪಾಲಿಶಮ್ಮನಿಗೆ ನಗು ಗಂಟಲಿಗೆ ಬಂತು. ಆದರೆ ಮಾವನ ಮುಖ ನೋಡಿ ನುಂಗಿಕೊಂಡಳು. ಅವರ ತುಟಿ ಪ್ರತಿ ತಲೆಯನ್ನೂ ಎಣಿಸುತ್ತಿತ್ತು.

ಹತ್ತಾಯಿತು. ಮುದುಕಿ ಉಳಿದಳು.

"ಅಜ್ಜಿ ಎರಡು ಮಹಡಿ ಮೆಟ್ಟಿಲು ಇಳಿಯೋಕಾಗಲ್ಲ," ಎಂದರು ಹೋಲ್ಡಾನ್ ಸುಸ್ತಾಗಿ.

ಆಗ ಅತ್ತೆ ಧೂಳಿನ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. "ನಾನು ಕರ್ಕೊಂಡ್ ಹೋಗ್ತೀನಿ. ನನ್ನಿಂದ ತಾನೇ ಆಗಿದ್ದು. ನಿನ್ನೆಯಿಂದ ಒಂಟಿಕಾಲಲ್ಲಿ ನಿಂತಿದೆ ಪಾಪದ ಜೀವ," ಎಂದು ಟಿವಿಯ ಮುಂದಿನಿಂದ ಯಾರದೋ ಕೈ ಹಿಡಿದವರಂತೆ ಹೊರಟು, ಎಡಬಲ ನೋಡಿ ದಾಟಿ, ಅಡುಗೆಮನೆಯ ಸ್ಟೂಲನ್ನು ಎಳೆದು ಕೂರಿಸಿದರು. ಒಲೆಯ ಮೇಲೆ ಚಹಾಕ್ಕೆ ನೀರು ಇಟ್ಟ ಸದ್ದೂ ಕೇಳಿಸಿತು. ಮಾವ ಎದ್ದು ನಿಂತು, ಸೊಂಟ ಹಿಡಿದುಕೊಂಡು, ಸ್ವಿಚ್ ಆರಿಸಿದರು.

ಡಿಸ್ಕು ಹೊರಗೆ ಬಂತು. ಪಾಲಿಶಮ್ಮ ಅದರ ಅಂಚನ್ನಷ್ಟೇ ಹಿಡಿದು ಕಿಟಕಿಯ ಬೆಳಕಿಗೆ ಓರೆಮಾಡಿದಳು. ಮೇಲಿನ ಚಿತ್ರದ ಕಡೆ ಪೆಟ್ಟಾಗಿರಲಿಲ್ಲ, ಬೆಳಕು ತೂರಿಬರುವ ತೂತೂ ಇರಲಿಲ್ಲ. ಹಾಗಾಗಿದ್ದರೆ ಕೈಚೆಲ್ಲಬೇಕಿತ್ತು. ಕೆಳಗಿನ ಹೊಳಪಿನ ಕಡೆ ಮಾತ್ರ, ನಡುವಿನ ತೂತಿನಿಂದ ಎರಡು ಬೆರಳು ಆಚೆಗೆ, ಬಳೆಯ ಹಾಗೆ ಸುತ್ತಲೂ ಒಂದು ಗೀರು. ಉಗುರು ಎಳೆದರೆ ತಡೆಯುತ್ತಿತ್ತು.

ಮಾವ ಕನ್ನಡಕ ಹಾಕಿಕೊಂಡು ಬಗ್ಗಿದರು. "ಇದರಲ್ಲಿ ಏಳನೇ ಸ್ಟಾಪು ಎಲ್ಲಿ?"

"ಇಲ್ಲೇ ಎಲ್ಲೋ ಇರ್ಬೇಕು ಮಾವ."

"ನೋಡು, ರಸ್ತೆ ಅಗೆದು ಹಾಗೇ ಬಿಟ್ಟು ಹೋಗಿದಾರೆ," ಎಂದರು ಅವರು ಕಹಿಯಾಗಿ.

ಮದ್ದು ಹೇಳಲು ಮನೆಯಲ್ಲಿ ಜನರಿಗೇನೂ ಕೊರತೆಯಿರಲಿಲ್ಲ. ಪಾಲಿಶಮ್ಮ ಉಗುರುಬೆಚ್ಚಗಿನ ಸಾಬೂನು ನೀರು ತರಲು ಹೋಗಿ ಬರುವಷ್ಟರಲ್ಲಿ ಗಂಡ ಟೂತ್‌ಪೇಸ್ಟ್ ಹಚ್ಚಿ ಗರಗರ ಸುತ್ತಿಸಿ ಉಜ್ಜುತ್ತಿದ್ದ.

"ರೀ! ದುಂಡಗೆ ಉಜ್ಜಬೇಡ್ರೀ! ಗೀರು ಇರೋದೇ ದುಂಡಗೆ, ಅದರ ಪಕ್ಕ ಇನ್ನೊಂದು ಓಡಿಸ್ತಿದೀರಾ? ನಡುವಿಂದ ಅಂಚಿಗೆ ನೆಟ್ಟಗೆ ಒರೆಸಬೇಕು."

"ಫೋನಲ್ಲಿ ಹಾಗೇ ತೋರಿಸಿದ್ರು ಕಣೇ."

ಅಷ್ಟರಲ್ಲಿ ನಾದಿನಿಯ ಫೋನು ಬಂತು. ಬಾಳೆಹಣ್ಣಿನ ಸಿಪ್ಪೆಯ ಒಳಭಾಗದಿಂದ ತಿಕ್ಕಿದರೆ ಎಂಥ ಗೀರೂ ಮಾಯವಂತೆ. ಅವಳ ಓರಗಿತ್ತಿಯ ತಮ್ಮ ಮಾಡಿದ್ದನಂತೆ. ಡಿಸ್ಕು ಓಡಿತಾ ಎಂದು ಕೇಳಿದರೆ, ಅದು ಗೊತ್ತಿಲ್ಲ, ಇರುವೆ ಮುತ್ತಿದ್ದು ಮಾತ್ರ ಗೊತ್ತು ಎಂದಳು. ಹೋಲ್ಡಾನ್ ತಮ್ಮ ಕಾಲದ ವಿದ್ಯೆಯಂತೆ ಬಾಯಿಂದ ಹಬೆ ಊದಿ ಅಂಗಿಯ ತುದಿಯಿಂದ ಒರೆಸಲು ಹೊರಟರು. ಅಂಗಿಯಲ್ಲಿ ನಾಲ್ಕು ದಿನದ ದಾರಿಧೂಳಿತ್ತು. ಪಾಲಿಶಮ್ಮ ಡಿಸ್ಕನ್ನು ಕಿತ್ತುಕೊಂಡು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಪೇಸ್ಟೆಲ್ಲ ತೊಳೆದು, ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸಿದಳು. ಕೊಳೆ ಹೋಯಿತು, ಬೆರಳ ಗುರುತು ಹೋಯಿತು. ಗೀರು ಹೋಗಲಿಲ್ಲ.

ಆದರೂ ಒಂದು ಸಲ ಹಾಕಿ ನೋಡೋಣವೆಂದು ಎಲ್ಲರೂ ಕೂತರು. ಆಟ ಮೊದಲ ಸ್ಟಾಪಿನಿಂದ ಶುರುವಾಯಿತು. ಏಳನೇ ಸ್ಟಾಪು ಬಂತು. ನೀಲಿ ಕೋಟಿನ ಮುದುಕಿ ಒಂದು ಕಾಲು ಎತ್ತಿ ಇಟ್ಟಳು, ನಿಂತುಬಿಟ್ಟಳು.

ಮಾವ ನಿಧಾನವಾಗಿ ಹಿಂದೆ ತಿರುಗಿದರು. "ಇವರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿದ್ವಲ್ಲ. ವಾಪಸ್ ಯಾಕೆ ಬಂದ್ರು?"

"ನಿಮ್ಮ ಡ್ರೈವಿಂಗ್ ಇಷ್ಟ ಆಗಿರ್ಬೇಕು," ಎಂದ ಗಂಡ.

ಹೋಲ್ಡಾನರಿಗೆ ಇದು ತಮಾಷೆಯಾಗಿ ಕಾಣಲಿಲ್ಲ. "ಒಂದು ಟಿಕೆಟ್ಟಲ್ಲಿ ಎರಡು ಸಲ ಹತ್ತಿದಾರೆ," ಎಂದು ಹಲ್ಲು ಕಡಿದರು. ಆದರೂ ಬಾಗಿಲಿಗೆ ಚಪ್ಪಲಿ ಅಡ್ಡವಿಟ್ಟು ಮತ್ತೆ ಎಲ್ಲರನ್ನೂ ಇಳಿಸಿದರು. ಈ ಸಲ ಪ್ರಯಾಣಿಕರಿಗೂ ಅಭ್ಯಾಸವಾಗಿತ್ತು, ಐದೇ ನಿಮಿಷದಲ್ಲಿ ಮುಗಿಯಿತು. ಮುದುಕಿಯನ್ನು ಅತ್ತೆ ಕರೆದುಕೊಂಡು ಹೋದರು. ಅಡುಗೆಮನೆಯಿಂದ "ಮೊದಲು ಕೊಟ್ಟದ್ದೇ ಕುಡಿದಿಲ್ಲ ನೀವು, ಆರಿಹೋಗಿದೆ ನೋಡಿ" ಎಂಬ ಮಾತು ಕೇಳಿಸಿತು.

ಸೋಮವಾರ ಬೆಳಗ್ಗೆ ಪಾಲಿಶಮ್ಮ ಡಿಸ್ಕನ್ನು ಎರಡು ಕರವಸ್ತ್ರದ ನಡುವೆ ಇಟ್ಟು, ಅದನ್ನು ಊಟದ ಡಬ್ಬಿಯ ಮೇಲಿಟ್ಟು ಕ್ಲಿನಿಕ್ಕಿಗೆ ಒಯ್ದಳು. ಮಾವ ಮಹಡಿಯ ಮೆಟ್ಟಿಲ ತನಕ ಬಂದು, "ಆಗದಿದ್ರೆ ಆಗಲ್ಲ ಅಂತ ನೇರವಾಗಿ ಹೇಳ್ಬಿಡಮ್ಮ, ನಾನು ತಡ್ಕೋತೀನಿ" ಎಂದಿದ್ದರು. ಆಪರೇಷನ್ನಿಗೆ ಕಳಿಸುವಾಗ ಜನ ಹೀಗೆ ಹೇಳುವುದನ್ನು ಅವಳು ಕೇಳಿದ್ದಳು.

ಮೊದಲು ಕೈಯಲ್ಲಿರುವ ಕೆಲಸ. ಹಾಡುಗಾರರೊಬ್ಬರ ಮೇಲಿನ ಸೆಟ್ಟು, ಅಂಗಡಿಯವರೊಬ್ಬರ ಕೆಳಗಿನ ಸೆಟ್ಟು. ಎರಡನ್ನೂ ಮುಗಿಸಿ ಟ್ರೇಯಲ್ಲಿಟ್ಟು, ಕೈತೊಳೆದು, ಡಿಸ್ಕನ್ನು ಎತ್ತಿಕೊಂಡಳು. ಎಷ್ಟಾದರೂ ಇದೂ ಪ್ಲಾಸ್ಟಿಕ್ಕೇ, ಹಲ್ಲಿನ ಸೆಟ್ಟೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಗೀರಿನ ಅಂಚುಗಳನ್ನು ಸುತ್ತಲ ಮಟ್ಟಕ್ಕೆ ತಂದುಬಿಟ್ಟರೆ ಬೆಳಕು ಎಡವದೆ ಹಾದುಹೋಗುತ್ತದೆ. ಹಲ್ಲಿನ ಸೆಟ್ಟಿನಲ್ಲಿ ನಾಲಿಗೆ ಎಡವದಂತೆ ಮಾಡುವುದೂ ಇದೇ ಅಲ್ಲವೇ? ಒರಟು ಚಕ್ರಕ್ಕೆ ಒಂದು ಕ್ಷಣ ತಾಗಿಸಿದಳು. ಸುಟ್ಟ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ತಟ್ಟನೆ ಹಿಂದಕ್ಕೆಳೆದಳು. ಹಲ್ಲಿಗಿಂತ ಇದು ತೆಳು, ಬಿಸಿಯಾದರೆ ಡೊಂಕಾಗಿಬಿಡುತ್ತದೆ. ಮೆಷಿನ್ ನಿಲ್ಲಿಸಿ, ಬೂದುಪುಡಿಯಲ್ಲಿ ಎಲ್ಲಕ್ಕಿಂತ ನಯವಾದದ್ದನ್ನು ಹೆಚ್ಚು ನೀರು ಹಾಕಿ ಕಲಸಿ, ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಕೈಯಿಂದಲೇ ತಿಕ್ಕತೊಡಗಿದಳು. ನಡುವಿನಿಂದ ಅಂಚಿಗೆ. ಒಂದು ಬೆರಳಗಲ ಮುಗಿದ ಮೇಲೆ ಪಕ್ಕದ ಬೆರಳಗಲ. ನಡುನಡುವೆ ತಣ್ಣೀರಲ್ಲಿ ಅದ್ದಿ ಬೆಳಕಿಗೆ ಹಿಡಿಯುತ್ತಿದ್ದಳು.

ಡಾಕ್ಟರು ಹಾಡುಗಾರರ ಸೆಟ್ಟಿಗಾಗಿ ಒಳಗೆ ಬಂದರು. ಮಾಸ್ಕು ಗಲ್ಲದ ಮೇಲಿತ್ತು.

"ಯಾರದಮ್ಮ ಇದು?"

"ನಮ್ಮ ಮಾವಂದು ಡಾಕ್ಟ್ರೇ."

ಡಾಕ್ಟರು ಅಭ್ಯಾಸಬಲದಿಂದ ಡಿಸ್ಕನ್ನು ಇಸಿದುಕೊಂಡು, ಕನ್ನಡಿಯ ಕಡ್ಡಿ ಹಿಡಿದು, ಗೀರಿನ ಉದ್ದಕ್ಕೂ ಪರೀಕ್ಷೆ ಮಾಡಿದರು. ಹುಬ್ಬು ಗಂಟಿಕ್ಕಿತು. "ಆಳ ಇದೆ. ಎಷ್ಟು ದಿನದಿಂದ?"

"ಶನಿವಾರದಿಂದ."

"ನೋವು?"

"ಮಾವನಿಗೆ ತುಂಬಾನೇ ಇದೆ."

"ನನ್ನ ಕೇಳಿದ್ರೆ ತೆಗೆದುಬಿಡೋದೇ ವಾಸಿ. ಉಳಿಸ್ಕೊಳ್ಳೇಬೇಕು ಅಂತಿದ್ರೆ ನಿಧಾನಕ್ಕೆ ಉಜ್ಜಿ. ಎರಡು ದಿನ ಗಟ್ಟಿ ಪದಾರ್ಥ ಬೇಡ ಅಂತ ಹೇಳಿ," ಎಂದು ಸೆಟ್ಟು ತೆಗೆದುಕೊಂಡು ಹೋದರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಹಿಂದೆ ತಿರುಗಿ ನೋಡಿ, ಹೊರಟುಹೋದರು.

ಮಧ್ಯಾಹ್ನದ ಊಟದ ಬಿಡುವು ಪೂರ್ತಿ ಅದಕ್ಕೇ ಹೋಯಿತು. ಮೂರು ಗಂಟೆಗೆ ಉಗುರು ಎಳೆದರೆ ತಡೆಯುತ್ತಿರಲಿಲ್ಲ, ಆದರೆ ಡಿಸ್ಕಿನ ಮೈಯೆಲ್ಲ ಮಂಜು ಕವಿದಂತೆ ಮಸುಕಾಗಿತ್ತು. ಕಂಡವರು ಹೆದರಬೇಕು, ಹಾಗೆ. ಅವಳು ಹೆದರಲಿಲ್ಲ. ಪ್ರತಿ ಸೆಟ್ಟೂ ನಡುವೆ ಹೀಗೇ ಆಗುತ್ತದೆ. ಬಿಳಿ ಪಾಲಿಶ್ ಹಚ್ಚಿದ ಹತ್ತಿಯ ಚಕ್ರಕ್ಕೆ, ರೆಪ್ಪೆ ತಾಗಿಸಿದಷ್ಟು ಹಗುರಾಗಿ, ಎರಡು ಎಣಿಸುವಷ್ಟು ಹೊತ್ತು ತಾಗಿಸಿ, ತೆಗೆದು, ನೀರಿಗದ್ದಿ, ಮತ್ತೆ ತಾಗಿಸಿದಳು. ಮಂಜು ಅಂಚಿನಿಂದ ಹರಿಯತೊಡಗಿತು. ಮೊದಲು ಕಿಟಕಿಯ ಸರಳು ಕಂಡಿತು, ಆಮೇಲೆ ಸರಳಿನ ಆಚೆಯ ಮರ, ಕೊನೆಗೆ ಅವಳದೇ ಮೂಗು, ಮೂಗಿನ ಮೇಲೆ ಅಂಟಿದ ಬೂದುಪುಡಿಯ ಚುಕ್ಕೆ. ಹದಿನೇಳು ವರ್ಷದಲ್ಲಿ ಅವಳು ಹೊಳಪು ಕೊಟ್ಟ ಯಾವುದರಲ್ಲೂ ಅವಳ ಮುಖ ಪೂರ್ತಿಯಾಗಿ ಕಂಡಿರಲಿಲ್ಲ. ಹಲ್ಲುಗಳಲ್ಲಿ ಮುಖ ಚೂರುಚೂರಾಗಿ ಕಾಣುತ್ತದೆ. ಅವಳು ಒಂದು ನಿಮಿಷ ಕೂದಲು ಸರಿಮಾಡಿಕೊಂಡಳು.

ಸಂಜೆ ಮನೆಯಲ್ಲಿ ಎಲ್ಲರೂ ತಯಾರಾಗಿದ್ದರು. ಎದುರುಮನೆಯ ಟೀಚರಮ್ಮ ಸಹ, ಭಾನುವಾರ ಕಂಡದ್ದು ಏನೆಂದು ತಿಳಿಯದೆ ನಿದ್ದೆ ಬರಲಿಲ್ಲವೆಂದು ಬಂದು ಕೂತಿದ್ದರು. ಮಾವ ಡಿಸ್ಕನ್ನು ಕೈಗೆ ತೆಗೆದುಕೊಂಡರು. ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು, ಸೊಸೆಯ ತಲೆಯ ಮೇಲೆ ಕೈಯಿಟ್ಟು, ಕುರ್ಚಿ ಎಳೆದುಕೊಂಡರು.

ಒಂದು, ಎರಡು, ಮೂರು. ಆರನೇ ಸ್ಟಾಪು ದಾಟುವಾಗ ಗಂಡನೂ ಫೋನು ಕೆಳಗಿಟ್ಟ. ಗ್ರಂಥಾಲಯ ಬಂತು. ಬಾಗಿಲು ತೆರೆಯಿತು. ನೀಲಿ ಕೋಟಿನ ಮುದುಕಿ ಒಂದು ಕಾಲು ಎತ್ತಿ ಫುಟ್‌ಬೋರ್ಡಿನ ಮೇಲಿಟ್ಟಳು. ಎರಡನೇ ಕಾಲೂ ಎತ್ತಿ ಇಟ್ಟಳು.

"ಹತ್ತಿದ್ಳು!" ಎಂದು ಅತ್ತೆ ಚೀರಿದರು. ಟೀಚರಮ್ಮ ಚಪ್ಪಾಳೆ ತಟ್ಟಿದರು. ಹೋಲ್ಡಾನ್ ಮೂರು ಸಲ "ರೈಟ್" ಎಂದು ಕೂಗಿದರು. ಆದರೂ ಮಾವ ಬಸ್ಸು ಬಿಡಲಿಲ್ಲ.

"ಅಜ್ಜಿ ಕೂತಾ?"

"ಇನ್ನೂ ನಡೀತಿದಾಳೆ ಡ್ರೈವರಣ್ಣ."

"ಕೂರಲಿ. ಎರಡು ದಿನ ನಿಂತಿದಾಳೆ."

ಪರದೆಯ ಮೂಲೆಯಲ್ಲಿ ಕೆಂಪು ಗಡಿಯಾರ ಮಿಣುಕಿತು. ಹಿಂದಿನ ಕಾರು ಹಾರನ್ ಹೊಡೆಯಿತು. ಮುದುಕಿ ಕಿಟಕಿ ಪಕ್ಕದ ಸೀಟು ಹುಡುಕಿ ಕೂತ ಮೇಲೆಯೇ ಬಸ್ಸು ಹೊರಟಿತು. ಎಂಟು, ಒಂಬತ್ತು, ಹತ್ತು, ಹನ್ನೊಂದು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಆಟ ಒಂದು ಗಳಿಗೆ ಸುಮ್ಮನಿದ್ದು, ಪರದೆ ತುಂಬ ಅಕ್ಷರ ತೋರಿಸಿತು. ಗಂಡ ಓದಿ ಹೇಳಿದ. ಏಳನೇ ಸ್ಟಾಪಿನಲ್ಲಿ ಕಾರಣವಿಲ್ಲದೆ ವಿಳಂಬ. ಚಾಲಕನ ದರ್ಜೆ 'ಸಿ'. ಮೊದಲ ಎಚ್ಚರಿಕೆ.

"ಕಾರಣ ಇಲ್ಲದೆಯಾ?" ಮಾವ ಎದ್ದು ನಿಂತರು. "ಕಾರಣ ಇಲ್ಲದೆಯಾ!"

ಮೂವತ್ತನಾಲ್ಕು ವರ್ಷದಲ್ಲಿ ಅವರಿಗೆ ಒಂದೂ ಮೆಮೊ ಬಂದಿರಲಿಲ್ಲ. ಮಾರನೆಯ ದಿನ ಅವರು ನಾಲ್ಕು ಪುಟದ ಸಮಜಾಯಿಷಿ ಬರೆದರು. ವಯೋವೃದ್ಧ ಪ್ರಯಾಣಿಕರ ಸುರಕ್ಷತೆ, ರಸ್ತೆ ಅಗೆತ, ಮೂರನೇ ವ್ಯಕ್ತಿ ಬಸ್ಸನ್ನು ಎತ್ತಿದ ಘಟನೆ, ಎಲ್ಲ ಬಂತು. ಸಾಕ್ಷಿಯಾಗಿ ಹೋಲ್ಡಾನರ ಸಹಿ. ಮೂರನೇ ವ್ಯಕ್ತಿಯೂ ಮುಖ ಉಬ್ಬಿಸಿಕೊಂಡೇ ಸಹಿ ಹಾಕಿದರು. ಯಾರಿಗೆ ಕಳಿಸುವುದೆಂದು ಗೊತ್ತಾಗದೆ, ಮಡಚಿ, ಡಿಸ್ಕು ಹಾಕುವ ಸಂದಿಗೆ ತುರುಕಲು ಹೋದರು. ಪಾಲಿಶಮ್ಮ ಓಡಿಬಂದು ಕೈಹಿಡಿದಳು.

"ಮಾವ, ಮತ್ತೆ ಗೀರು ಬಿದ್ರೆ ನನ್ನ ಕೈಲಾಗಲ್ಲ. ಒಂದು ಪದರ ಆಗ್ಲೇ ಹೋಗಿದೆ. ಮೇಲಿಟ್ಬಿಡಿ, ಓದ್ಕೊಳ್ಳಲಿ."

ಅವರು ಅದನ್ನು ಪೆಟ್ಟಿಗೆಯ ಮೇಲಿಟ್ಟರು. ಕೆಲವು ದಿನ ಉತ್ತರಕ್ಕೆ ಕಾದು, ಬರದಿದ್ದಾಗ, ಒಪ್ಪಿಕೊಂಡಿದ್ದಾರೆ ಎಂದು ತೀರ್ಮಾನಿಸಿದರು.

ಇಷ್ಟಾದ ಮೇಲೆ ಪಾಲಿಶಮ್ಮನ ಕೆಲಸ ಒಂದು ತೂಕ ಹೆಚ್ಚಾಯಿತು. ಟೀಚರಮ್ಮ ಶಾಲೆಯಲ್ಲಿ ಬಾಯಿಬಿಟ್ಟಿದ್ದರು. ಕ್ಲಿನಿಕ್ಕಿನ ಬೆಂಚಿನಲ್ಲಿ ಕೆನ್ನೆ ಊದಿಸಿಕೊಂಡವರ ಪಕ್ಕ ಡಿಸ್ಕು ಹಿಡಿದವರೂ ಕೂರತೊಡಗಿದರು. ಡಾಕ್ಟರು ಬೇಡವೆನ್ನಲಿಲ್ಲ. ಆದರೆ ಪ್ರತಿಯೊಂದನ್ನೂ ಮೊದಲು ತಾವೇ ನೋಡಬೇಕೆಂದು ಹಟ ಹಿಡಿದರು. ಡಿಸ್ಕಿನವರನ್ನೂ ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು, ಗೀರು ನೋಡಿ, ಆಮೇಲೆ ಹೇಗೂ ಬಂದಿದ್ದೀರಲ್ಲ ಎಂದು ಬಾಯಿಯನ್ನೂ ನೋಡುತ್ತಿದ್ದರು. ಡಿಸ್ಕು ಸರಿಮಾಡಿಸಲು ಬಂದ ಆರು ಮಂದಿಗೆ ಹುಳುಕು ಹಲ್ಲು ಸಿಕ್ಕಿತು. ಪಾಲಿಶಮ್ಮ ಚಿತ್ರದ ಕಡೆ ಪೆಟ್ಟಾದದ್ದನ್ನು ಮುಟ್ಟದೆ ವಾಪಸ್ ಕೊಡುತ್ತಿದ್ದಳು. ಉಳಿದದ್ದನ್ನು ಮುಖ ಕಾಣುವ ತನಕ ಬಿಡುತ್ತಿರಲಿಲ್ಲ.

ಮನೆಯಲ್ಲಿ ಅತ್ತೆಯಲ್ಲೂ ಬದಲಾವಣೆಯಾಗಿತ್ತು. ಈಗ ಎರಡು ಗಂಟೆಗೆ ಅವರೂ ಕೈಚೀಲ ಹಿಡಿದು ಸೋಫಾದಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದರು. ಮೂವತ್ತನಾಲ್ಕು ವರ್ಷ ಗಂಡ ಊರನ್ನೆಲ್ಲ ಸುತ್ತಿಸಿದರೂ ಅವರ ಬಸ್ಸಿನಲ್ಲಿ ತಾನು ಹತ್ತಿದ್ದು ಎರಡೇ ಸಲ, ಅದೂ ನಿಂತುಕೊಂಡೇ, ಎಂಬುದು ಅವರ ಹಳೆಯ ದೂರು. "ಬ್ರೇಕ್ ಸ್ವಲ್ಪ ಮೆತ್ತಗೆ ಹಾಕಿ, ಸೊಂಟ ಹಿಡ್ಕೊಂತು" ಎನ್ನುವರು. "ಇಷ್ಟ ಇಲ್ಲದಿದ್ರೆ ಆಟೋದಲ್ಲಿ ಬಾ" ಎನ್ನುವರು ಮಾವ.

ಒಂದು ಭಾನುವಾರ ಹೋಲ್ಡಾನ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಅತ್ತೆ ಮಗಳ ಮನೆಗೆ ಹೋಗಿದ್ದರು. ಬಸ್ಸಿಗೆ ಕಂಡಕ್ಟರೂ ಇಲ್ಲ, ಪ್ರಯಾಣಿಕರೂ ಇಲ್ಲ. ಮಾವ ಎರಡು ಸಲ ಕೆಮ್ಮಿ, "ನೀನು ಬರ್ತೀಯೇನಮ್ಮಾ?" ಎಂದು ಕೇಳಿದರು. ವಾರವಿಡೀ ಸ್ಟೂಲಿನ ಮೇಲೆ ಬಗ್ಗಿ ಕೂತು ಅವಳ ಕತ್ತು ಮರಗಟ್ಟಿತ್ತು. ಬಟ್ಟೆ ಒಗೆಯುವುದಿತ್ತು. ಆದರೂ ಹೋಗಿ ಸೋಫಾದಲ್ಲಿ ಕೂತಳು. ಒಂದನೇ ಸ್ಟಾಪಿನಲ್ಲಿ "ರೈಟ್" ಎಂದಳು. ಎರಡನೆಯದರಲ್ಲೂ ಎಂದಳು. ಪರದೆಯ ಮೇಲೆ ಮರಗಳು, ಅಂಗಡಿಗಳು, ಸೇತುವೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಮಾವ ನಿಜಕ್ಕೂ ನಯವಾಗಿ ಓಡಿಸುತ್ತಿದ್ದರು. ನಾಲ್ಕನೇ ಸ್ಟಾಪು ಬಂದದ್ದು ಅವಳಿಗೆ ನೆನಪಿದೆ, ಐದನೆಯದು ಇಲ್ಲ.

ಯಾರೋ ಭುಜ ಮುಟ್ಟಿದರು. ಕಣ್ಣು ಬಿಟ್ಟರೆ ಮಾವ ಯೂನಿಫಾರಂ ಅಂಗಿಯಲ್ಲಿ ಬಗ್ಗಿ ನಿಂತಿದ್ದರು. ಹಿಂದೆ ಟಿವಿ ಆರಿಹೋಗಿತ್ತು, ಕಿಟಕಿಯ ಬಿಸಿಲು ಸೋಫಾದಿಂದ ನೆಲಕ್ಕೆ ಇಳಿದಿತ್ತು.

"ಕೊನೇ ಸ್ಟಾಪಮ್ಮ," ಎಂದರು ಅವರು ಮೆಲ್ಲಗೆ. "ಎಲ್ಲರೂ ಇಳಿದ್ರು."

ಪಾಲಿಶಮ್ಮ ಗಡಬಡಿಸಿ ಎದ್ದಳು. ಅಕ್ಕಪಕ್ಕ ತಡಕಾಡಿ, ಇಲ್ಲದ ಚೀಲ ಹುಡುಕಿ, ಸೆರಗು ಸರಿಮಾಡಿಕೊಂಡು, ಒಗೆಯುವ ಬಟ್ಟೆಗಳಿದ್ದ ಕಡೆಗೆ ಇಳಿದು ನಡೆದಳು.